ಹಗೇವು ಎದ್ದು ನಿಂತ ಊರುಗಳಲ್ಲಿ ಹದಿನಾಲ್ಕು ದಿನ

ಪ್ರಶ್ನೆ: ನಾವು ದಾವಣಗೆರೆಯವರು. ಮಗಳು, ಅಳಿಯ ಮೆಲ್ಬರ್ನ್‌ನಲ್ಲಿದ್ದಾರೆ. ಸೆಪ್ಟೆಂಬರ್ ಕೊನೆಗೆ ಅಲ್ಲಿಗೆ ಹೊರಟಿದ್ದೇವೆ. ಮಲಗಲು, ಅಡುಗೆಗೆ ಅನುಕೂಲವಿರುವ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು ಎರಡು ವಾರ ಹಳ್ಳಿಗಾಡಿನ ಮತ್ತು ಕಡಲ ತೀರದ ಗೋಡೆಚಿತ್ರದ ಊರುಗಳನ್ನು ತೋರಿಸುತ್ತೇನೆ ಎಂದು ಅಳಿಯ ಹೇಳುತ್ತಿದ್ದಾರೆ. ಅವರು ಕಳಿಸಿದ ಪಟ್ಟಿಯಲ್ಲಿ 26 ಊರುಗಳಿವೆ. ನನ್ನ ಯಜಮಾನರು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರಿಗೆ ಬಹಳ ಉತ್ಸಾಹ. ನನಗೆ ಮಂಡಿನೋವು. ಊಟ ಸಸ್ಯಾಹಾರ. ಗಾಡಿಯಲ್ಲಿ ಮಲಗಿ ಅಭ್ಯಾಸವಿಲ್ಲ. ಗೋಡೆಯ ಮೇಲಿನ ಚಿತ್ರ ನೋಡಲು ಅಷ್ಟು ದೂರ ಅಲೆಯಬೇಕೇ? ಹೋಗುವುದೇ ಆದರೆ ಹೇಗೆ?

ಉತ್ತರ: ಹೋಗಿ ಬನ್ನಿ. ಆದರೆ ಆ ಪಟ್ಟಿಯನ್ನು ಮೊದಲು ಮಡಚಿಡಿ. 26 ಊರುಗಳನ್ನು 14 ದಿನಗಳಲ್ಲಿ ನೋಡುವುದೆಂದರೆ ಗಾಡಿಯಿಂದ ಇಳಿಯುವುದು, ಫೋಟೋ ತೆಗೆಯುವುದು, ಮತ್ತೆ ಹತ್ತುವುದು, ಅಷ್ಟೇ. ನಿಮ್ಮ ಮಂಡಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ, ಮೇಷ್ಟ್ರ ಕಣ್ಣಿಗೂ ಇಲ್ಲ. ಹನ್ನೆರಡು ವರ್ಷಗಳಿಂದ ನಾನು ಈ ದಾರಿಗಳಲ್ಲಿ ಓಡಾಡುತ್ತಿದ್ದೇನೆ, ನಮ್ಮ ಕಡೆಯಿಂದ ಬಂದ ಹಿರಿಯರನ್ನು ಕರೆದೊಯ್ದಿದ್ದೇನೆ. ನಾನು ಕಂಡುಕೊಂಡದ್ದು ಒಂದೇ ಮಾತು: ಚಿತ್ರ ಇರುವ ಊರಿನಲ್ಲೇ ರಾತ್ರಿ ತಂಗಬೇಕು. ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ, ಒಂದೇ ಚಿತ್ರವನ್ನು ಎರಡು ಸಲ ನೋಡಬೇಕು. ಹಾಗೆ ಏಳೆಂಟು ಊರು ನೋಡಿದರೆ ಸಾಕು. ಮುಂದೆ ಬರೆಯುವುದೆಲ್ಲ ಈ ಮಾತನ್ನು ಹಿಡಿದೇ.

ಮೊದಲು ಅವು ಎಂಥ ಗೋಡೆಗಳು ಎಂದು ಹೇಳಬೇಕು. ದಾವಣಗೆರೆಯಿಂದ ಉತ್ತರಕ್ಕೆ ಹೋದಂತೆ ಹಳೆಯ ಊರುಗಳಲ್ಲಿ ಜೋಳ ತುಂಬಿಡುವ ಹಗೇವುಗಳಿದ್ದುದನ್ನು ನೀವು ಕೇಳಿರುತ್ತೀರಿ, ಬಹುಶಃ ಕಂಡೂ ಇರುತ್ತೀರಿ. ಆಸ್ಟ್ರೇಲಿಯಾದ ಗೋಧಿ ಸೀಮೆಯ ಸೈಲೊ ಎಂದರೆ ನೆಲದೊಳಗಿನ ಹಗೇವು ಎದ್ದು ಮೂವತ್ತು ಮೀಟರ್ ಎತ್ತರಕ್ಕೆ ನಿಂತ ಹಾಗೆ. ವಿಕ್ಟೋರಿಯಾ ರಾಜ್ಯದಲ್ಲಿ 1930ರ ದಶಕದವರೆಗೂ ಗೋಧಿ ಗೋಣಿಚೀಲದಲ್ಲೇ ರೈಲು ಹತ್ತುತ್ತಿತ್ತು, ಹಮಾಲರು ಬೆನ್ನ ಮೇಲೆ ಹೊರುತ್ತಿದ್ದರು. ಆಮೇಲೆ ರೈಲು ಹಳಿಯ ಪಕ್ಕದಲ್ಲಿ, ಊರಿಗೊಂದರಂತೆ, ಈ ಕಾಂಕ್ರೀಟ್ ಕಣಜಗಳು ಎದ್ದವು. ಬ್ರಿಮ್ ಎಂಬ ಊರಿನದು 1939ರದು. ಕಾಲ ಕಳೆದಂತೆ ಲಾರಿಗಳು ದೊಡ್ಡವಾದವು, ಧಾನ್ಯ ಸಂಗ್ರಹ ಕೆಲವೇ ಕೇಂದ್ರಗಳಿಗೆ ಸೇರಿತು, ಸಣ್ಣ ಊರಿನ ಕಣಜಗಳು ಖಾಲಿ ಉಳಿದವು. ಹೊಲಗಳು ದೊಡ್ಡವಾಗಿ ಒಕ್ಕಲು ಕಡಿಮೆಯಾದಂತೆ ಶಾಲೆ, ಬ್ಯಾಂಕು, ಅಂಗಡಿ ಒಂದೊಂದಾಗಿ ಬಾಗಿಲು ಹಾಕಿದವು. ಹತ್ತಿ ಗಿರಣಿಗಳು ಮುಚ್ಚಿದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನ ಗೋಡೆಗೆ ಬಣ್ಣ ಹಚ್ಚಿ ಊರನ್ನು ಉಳಿಸಿಕೊಳ್ಳುವ ಯೋಚನೆ ಆಸ್ಟ್ರೇಲಿಯಾದಲ್ಲೇ ಹುಟ್ಟಿದ್ದಲ್ಲ. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಶೆಮೇನಸ್ ಎಂಬ ಪುಟ್ಟ ಕಡಲೂರು ಇದೆ. ಅಲ್ಲಿಯವರು 1982ರಲ್ಲಿ ಗೋಡೆಚಿತ್ರ ಶುರುಮಾಡಿದರು, ಮರುವರ್ಷವೇ ಊರಿಗೆ ಅನ್ನ ಕೊಡುತ್ತಿದ್ದ ಮರದ ಮಿಲ್ಲು ಮುಚ್ಚಿತು, ಚಿತ್ರಗಳು ಕೈಹಿಡಿದವು. ಅದನ್ನು ನೋಡಿ ಟಾಸ್ಮೇನಿಯಾದ ಶೆಫೀಲ್ಡ್ 1986ರಲ್ಲಿ ತನ್ನ ಗೋಡೆಗಳನ್ನು ತುಂಬತೊಡಗಿತು. ಸೈಲೊಗಳ ಸರದಿ ಬಂದದ್ದು ಬಹಳ ತಡವಾಗಿ, 2015ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ನಾರ್ಥಮ್‌ನಲ್ಲಿ. 2016ರ ಆರಂಭದಲ್ಲಿ ಬ್ರಿಮ್ ಚಿತ್ರ ಮುಗಿಯಿತು. ಅಲ್ಲಿಂದ ಮುಂದೆ ರಸ್ತೆಗಳೇ ಬದಲಾದವು.

ಬ್ರಿಮ್‌ನಲ್ಲಿ ನಾಲ್ಕು ಕಣಜಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಬ್ರಿಸ್ಬೇನ್‌ನ ಗೀಡೊ ವ್ಯಾನ್ ಹೆಲ್ಟೆನ್ ಅವುಗಳ ಮೇಲೆ ನಾಲ್ಕು ಮಂದಿ ರೈತರನ್ನು, ಬೇರೆ ಬೇರೆ ತಲೆಮಾರಿನವರನ್ನು, ಬಿಡಿಸಿದ್ದಾರೆ. ಹೆಸರು ಹಾಕಿಲ್ಲ. ಆಗ ಆ ಸೀಮೆ ಬರದಲ್ಲಿತ್ತು. ಆ ನಿಲುವಿನಲ್ಲಿ ಜಂಬವಿಲ್ಲ, ದೈನ್ಯವೂ ಇಲ್ಲ. ಮಳೆ ಬಾರದ ವರ್ಷ ನಮ್ಮ ಕಡೆ ಹೊಲದ ಬದುವಿನಲ್ಲಿ ನಿಂತ ಹಿರಿಯರ ಮುಖದಲ್ಲಿ ಇರುವುದೇ ಅಲ್ಲಿಯೂ ಇದೆ.

ಮೊದಲ ಸಲ ಹೋದಾಗ ನಾನು ನಡುಮಧ್ಯಾಹ್ನ ತಲುಪಿ, ಹತ್ತು ನಿಮಿಷ ನೋಡಿ ಮುಂದಕ್ಕೆ ಹೋಗಿದ್ದೆ. ಎರಡನೆಯ ಸಲ ಊರಿನ ಹೊಳೆಯ ದಂಡೆಯಲ್ಲಿ ಬಿಡಾರ ಹೂಡಿದೆ. ಯಾರಿಯಾಂಬಿಯಾಕ್ ಎಂಬ ಆ ಹೊಳೆಗೆ ಬ್ರಿಮ್‌ನಲ್ಲಿ ಪುಟ್ಟ ಒಡ್ಡು ಕಟ್ಟಿದ್ದಾರೆ, ಅದರ ಪಕ್ಕ ಗಾಡಿ ನಿಲ್ಲಿಸಲು ಜಾಗವಿದೆ. ಬೆಳಿಗ್ಗೆ ಚಳಿಯಲ್ಲಿ ಶಾಲು ಹೊದ್ದು ನಡೆದುಹೋದೆ. ಹತ್ತಿರ ನಿಂತಾಗ ಮುಖ ಕಾಣಲಿಲ್ಲ. ಒರಟು ಕಾಂಕ್ರೀಟು, ಎಂಬತ್ತು ವರ್ಷದ ಮಳೆನೀರಿನ ಗೆರೆ, ಅಲ್ಲಲ್ಲಿ ಬೂದು, ಅಲ್ಲಲ್ಲಿ ಮಂಕು ಕಂದು ಬಣ್ಣದ ಮೋಡ. ಹಿಂದಕ್ಕೆ ಹೆಜ್ಜೆ ಇಡುತ್ತಾ ಬಂದೆ. ಐವತ್ತು ಹೆಜ್ಜೆಗೆ ಅಂಗಿಯ ಮಡಿಕೆ ಮೂಡಿತು. ನೂರಕ್ಕೆ ಕಣ್ಣು ಕೂಡಿಕೊಂಡಿತು. ಆಗ ತಿಳಿಯಿತು, ಚಿತ್ರಕಾರ ಗೋಡೆಯನ್ನು ಪೂರ್ತಿ ಮುಚ್ಚಲು ಹೋಗಿಯೇ ಇಲ್ಲ, ಕಾಂಕ್ರೀಟಿನ ಬಣ್ಣಕ್ಕೇ ತನ್ನ ಬಣ್ಣವನ್ನು ಹೊಂದಿಸಿಕೊಂಡಿದ್ದಾನೆ. ಮಳೆಯ ಗೆರೆಗಳೂ ಮುಖದ ಸುಕ್ಕುಗಳೂ ಒಂದೇ ಬಣ್ಣದವು. ಒಂದು ಹಿಂಡು ಗಲಾ ಗಿಳಿಗಳು, ಬೂದು ಬೆನ್ನು, ಗುಲಾಬಿ ಎದೆ, ಮೇಲಿನ ಅಂಚಿಗೆ ಬಂದು ಕುಳಿತವು. ಮೇಷ್ಟ್ರಿಗೆ ತೋರಿಸಬೇಕಾದದ್ದು ಇದು. ಹತ್ತು ನಿಮಿಷದಲ್ಲಿ ಸಿಗುವುದಲ್ಲ.

ಬೆಳಕಿನ ವಿಷಯ ಇನ್ನೊಂದಿದೆ. ದಕ್ಷಿಣ ಗೋಲಾರ್ಧದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ನಮ್ಮೂರಿನ ರೂಢಿಯಲ್ಲಿ ನೆರಳು ಬೀಳುವ ದಿಕ್ಕನ್ನು ಅಂದಾಜು ಮಾಡಿದರೆ ಅಲ್ಲಿ ತಪ್ಪುತ್ತದೆ. ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಹಗಲೆಲ್ಲ ಬಿಸಿಲು, ದಕ್ಷಿಣಕ್ಕೆ ಮುಖ ಮಾಡಿದ್ದಕ್ಕೆ ಬಹುಪಾಲು ನೆರಳು. ಊರು ತಲುಪಿದ ಕೂಡಲೇ ಮೊಬೈಲಿನ ದಿಕ್ಸೂಚಿ ತೆಗೆದು ಚಿತ್ರ ಯಾವ ಕಡೆಗೆ ನೋಡುತ್ತಿದೆ ಎಂದು ಗುರುತು ಮಾಡಿಕೊಳ್ಳಿ. ಪೂರ್ವಕ್ಕಿದ್ದರೆ ಬೆಳಿಗ್ಗೆ, ಪಶ್ಚಿಮಕ್ಕಿದ್ದರೆ ಸಂಜೆ. ನೆತ್ತಿಯ ಬಿಸಿಲಿನಲ್ಲಿ ಯಾವ ಚಿತ್ರವೂ ಚೆನ್ನಾಗಿ ಕಾಣುವುದಿಲ್ಲ. ಆ ಹೊತ್ತು ಊಟಕ್ಕೆ, ನಿದ್ದೆಗೆ ಇರಲಿ.

ಇನ್ನು ದಾರಿ. ಮೆಲ್ಬರ್ನ್‌ನಲ್ಲಿ ಗಾಡಿ ತೆಗೆದುಕೊಂಡು ಅಡಿಲೇಡ್‌ನಲ್ಲಿ ಒಪ್ಪಿಸಿ, ವಿಮಾನದಲ್ಲಿ ಮರಳಿ. ಬೇರೆ ಊರಿನಲ್ಲಿ ಒಪ್ಪಿಸುವುದಕ್ಕೆ ಕಂಪನಿಗಳು ಹೆಚ್ಚುವರಿ ಶುಲ್ಕ ಕೇಳುವುದುಂಟು. ಕೊಡಿ, ಎರಡು ದಿನದ ಹಿಂತಿರುಗುವ ಓಟ ಉಳಿಯುತ್ತದೆ. ಒಟ್ಟು ಸುಮಾರು 2,000 ಕಿಲೋಮೀಟರ್. ಮೊದಲ ರಾತ್ರಿ ಗ್ರಾಂಪಿಯನ್ಸ್ ಬೆಟ್ಟದ ತಪ್ಪಲಿನ ಹಾಲ್ಸ್ ಗ್ಯಾಪ್‌ನಲ್ಲಿ. ಗಾಡಿ ಪಡೆಯುವುದು, ಸಾಮಾನು ತುಂಬುವುದು ಎಂದು ಅರ್ಧ ದಿನ ಹೋಗುತ್ತದೆ, ಅದಕ್ಕಿಂತ ಮುಂದೆ ಹೋಗಬೇಡಿ. ನಂತರ ಬ್ರಿಮ್‌ನಲ್ಲಿ ಎರಡು ರಾತ್ರಿ, ಹೋಪ್‌ಟೌನ್‌ನ ಕೆರೆಯ ಬದಿಯಲ್ಲಿ ಎರಡು. ಅಲ್ಲಿಂದ ಗಡಿ ದಾಟಿ ದಕ್ಷಿಣ ಆಸ್ಟ್ರೇಲಿಯಾದ ಕೂನಾಲ್ಪಿನ್‌ನಲ್ಲಿ ಒಂದು, ಕ್ಲೇರ್‌ನಲ್ಲಿ ಒಂದು, ಪೋರ್ಟ್ ಅಗಸ್ಟಾದಲ್ಲಿ ಒಂದು, ಕಿಂಬಾದಲ್ಲಿ ಒಂದು. ಕೊನೆಗೆ ಕಡಲ ದಂಡೆಯ ಟಂಬಿ ಬೇಯಲ್ಲಿ ಮೂರು ರಾತ್ರಿ, ಹಿಂತಿರುಗುವಾಗ ವಾಲರೂದಲ್ಲಿ ಒಂದು. ಹದಿಮೂರು ರಾತ್ರಿ ಆಯಿತು.

ಹಾಲ್ಸ್ ಗ್ಯಾಪ್‌ನಿಂದ ಬ್ರಿಮ್‌ಗೆ ಹೋಗುವಾಗ ರುಪನ್ಯಪ್ ಮತ್ತು ಶೀಪ್ ಹಿಲ್ಸ್ ಸಿಗುತ್ತವೆ. ರುಪನ್ಯಪ್‌ನಿಂದ ಪ್ಯಾಚ್‌ವೊಲೊಕ್‌ವರೆಗಿನ ಸುಮಾರು 200 ಕಿಲೋಮೀಟರ್ ಉದ್ದದ ಹಾದಿಯೇ ವಿಮ್ಮೆರಾ ಮ್ಯಾಲೀ ಸೀಮೆಯ ಸೈಲೊ ಚಿತ್ರಗಳ ಮೂಲ ದಾರಿ. ರುಪನ್ಯಪ್‌ನದು ಕಾಂಕ್ರೀಟಿನದಲ್ಲ, ತಗಡಿನ ಕಣಜ. ರಷ್ಯಾದ ಜೂಲಿಯಾ ವೊಲ್ಚ್‌ಕೋವಾ 2017ರಲ್ಲಿ ಊರಿನ ಆಟದ ತಂಡಗಳ ಇಬ್ಬರು ಎಳೆಯರನ್ನು ಕಪ್ಪು ಬಿಳುಪಿನಲ್ಲಿ ಬಿಡಿಸಿದ್ದಾರೆ. ಚೆನ್ನಾಗಿದೆ. ಅರ್ಧ ಗಂಟೆ ಸಾಕು.

ಶೀಪ್ ಹಿಲ್ಸ್‌ಗೆ ಅರ್ಧ ಗಂಟೆ ಸಾಲದು. ಅಲ್ಲಿ ಊರೆಂಬುದು ಹೆಚ್ಚೇನೂ ಇಲ್ಲ. ಬಯಲು, ಹಳಿ, ಕಣಜ. ಮೆಲ್ಬರ್ನ್‌ನ ಆಡ್ನೇಟ್ 2016ರ ಕೊನೆಗೆ ಆ ನೆಲದ ಮೂಲನಿವಾಸಿ ಸಮುದಾಯದ ಇಬ್ಬರು ಹಿರಿಯರನ್ನೂ ಇಬ್ಬರು ಮಕ್ಕಳನ್ನೂ ನಕ್ಷತ್ರ ತುಂಬಿದ ಇರುಳಿನ ಮುಂದೆ ನಿಲ್ಲಿಸಿದ್ದಾರೆ. ಒಂದು ಬದಿಗೆ ಅಜ್ಜ, ಇನ್ನೊಂದು ಬದಿಗೆ ಅಜ್ಜಿ, ನಡುವೆ ಮಕ್ಕಳು. ಈ ಸೀಮೆಯ ವೊಟ್ಜೊಬಾಲುಕ್ ಮೊದಲಾದ ಸಮುದಾಯಗಳ ನೆಲದ ಹಕ್ಕನ್ನು ನ್ಯಾಯಾಲಯ ಒಪ್ಪಿದ್ದು 2005ರಲ್ಲಿ. ವಿಕ್ಟೋರಿಯಾದಲ್ಲಿ ಅದೇ ಮೊದಲು. ಗೋಧಿಯ ರೈತರು ಬರುವ ಮೊದಲು ಸಾವಿರಾರು ವರ್ಷ ಇಲ್ಲಿ ಬದುಕಿದವರ ಮುಖ ಗೋಧಿಯ ಕಣಜದ ಮೇಲೇ ಮೂಡಿರುವುದನ್ನು ನೋಡುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಅಲ್ಲಿನ ಮೂಲನಿವಾಸಿಗಳು ತಮ್ಮ ಹಿರಿಯರನ್ನು ಹೆಸರಿಗೆ ಮೊದಲು ‘ಅಂಕಲ್’, ‘ಆಂಟಿ’ ಸೇರಿಸಿ ಕರೆಯುತ್ತಾರೆ. ನಾವು ದೊಡ್ಡಪ್ಪ, ದೊಡ್ಡಮ್ಮ ಎನ್ನುವಾಗ ಇರುವ ಗೌರವವೇ ಅದರಲ್ಲಿ ಇರುವುದು. ಮೊಮ್ಮಕ್ಕಳು ಜೊತೆಗಿದ್ದರೆ ಹೇಳಿಕೊಡಿ.

ಬ್ರಿಮ್‌ನಿಂದ ಉತ್ತರಕ್ಕೆ ರೋಸ್‌ಬರಿ. ಕ್ಯಾಫೀನ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಕಲಾವಿದೆ ಅಲ್ಲಿ ಕುರಿ ಸಾಕುವ ಯುವತಿಯನ್ನೂ ಕುದುರೆಯೊಂದಿಗೆ ನಿಂತ ಗಂಡಸನ್ನೂ ಬಿಡಿಸಿದ್ದಾರೆ. ಮುಂದೆ ಲ್ಯಾಸೆಲ್ಸ್‌ನಲ್ಲಿ ರೋನ್ ಎಂಬ ಕಲಾವಿದ 2017ರಲ್ಲಿ ಒಂದು ರೈತ ದಂಪತಿಯನ್ನು ಕಣಜಗಳ ಮೇಲೆ ಬಹಳ ತೆಳುವಾದ, ಮಾಸಿಹೋಗುತ್ತಿರುವಂತೆ ತೋರುವ ಬಣ್ಣದಲ್ಲಿ ತಂದಿದ್ದಾರೆ. ಅವರ ಮನೆತನ ನಾಲ್ಕು ತಲೆಮಾರಿನಿಂದ ಅಲ್ಲಿಯೇ ಬೇಸಾಯ ಮಾಡುತ್ತಿದೆ. ಹೊಳೆಯುವ ಬಣ್ಣ ಬೇಕೆನ್ನುವವರಿಗೆ ಇದು ಸಪ್ಪೆ ಅನ್ನಿಸುತ್ತದೆ. ನನಗೆ ಇಡೀ ದಾರಿಯಲ್ಲಿ ಅತ್ಯಂತ ಮೆತ್ತನೆಯ ಚಿತ್ರ ಅದೇ.

ಪ್ಯಾಚ್‌ವೊಲೊಕ್ ಕತೆ ಮೇಷ್ಟ್ರಿಗೆ ಇಷ್ಟವಾಗುತ್ತದೆ. ಫಿಂಟನ್ ಮಗೀ 2016ರಲ್ಲಿ ಅಲ್ಲಿಗೆ ಬಂದು ಊರಿನ ಪಬ್ಬಿನಲ್ಲಿ ಉಳಿದುಕೊಂಡು, ಜನರೊಂದಿಗೆ ಬೆರೆತು, ಯಾರನ್ನು ಬಿಡಿಸುವುದೆಂದು ಹುಡುಕಿದರು. ಕಣಜಗಳು ಎರಡು, 35 ಮೀಟರ್ ಎತ್ತರ, ಅಗಲ ಕಡಿಮೆ. ಆ ಉದ್ದನೆಯ ಜಾಗಕ್ಕೆ ಒಗ್ಗುವ ಸಪೂರ ಮೈಯ ಎತ್ತರದ ಆಳು ಬೇಕಿತ್ತು. ಊರಿನ ಒಬ್ಬ ಗೋಧಿ ರೈತ ಸಿಕ್ಕರು. ನೀಲಿ ಚೌಕುಳಿ ಅಂಗಿ, ಬಿಸಿಲಿಗೆ ಕಿರಿದಾದ ಕಣ್ಣು, ದೂರಕ್ಕೆ ನೆಟ್ಟ ನೋಟ. ಕಾಗದದ ಅಳತೆಗೆ ತಕ್ಕ ವಸ್ತುವನ್ನು ಆರಿಸಿಕೊಳ್ಳಿ ಎಂದು ಮೇಷ್ಟ್ರು ಮಕ್ಕಳಿಗೆ ಎಷ್ಟು ಸಲ ಹೇಳಿರುತ್ತಾರೋ!

ಕೆಲಸದ ಬಗೆಯನ್ನೂ ಸ್ವಲ್ಪ ಹೇಳುತ್ತೇನೆ. ನಮ್ಮ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು ಫೋಟೋದ ಮೇಲೆ ಚೌಕ ಗೆರೆ ಎಳೆದು, ಬಟ್ಟೆಯ ಮೇಲೆ ದೊಡ್ಡ ಚೌಕ ಹಾಕಿ, ಮನೆಮನೆಯಾಗಿ ಚಿತ್ರ ಏರಿಸುತ್ತಿದ್ದುದು ಮೇಷ್ಟ್ರಿಗೆ ಗೊತ್ತು. ದೊಡ್ಡ ಗೋಡೆಯ ಚಿತ್ರಕಾರರಲ್ಲಿ ಹಲವರು ಚೌಕದ ಬದಲು ಗೋಡೆಯ ಮೇಲೆ ಮನಸ್ಸಿಗೆ ಬಂದಂತೆ ಅಕ್ಷರ, ಸುತ್ತು, ಗೀಟು ಗೀಚುತ್ತಾರೆ. ಆಮೇಲೆ ಆ ಗೋಡೆಯ ಫೋಟೋ ತೆಗೆದು, ಅದರ ಮೇಲೆ ಚಿತ್ರವನ್ನು ಕೂರಿಸಿ, ಯಾವ ಗೀಟಿನ ಹತ್ತಿರ ಕಣ್ಣು, ಯಾವ ಸುತ್ತಿನ ಬಳಿ ತುಟಿ ಎಂದು ಗುರುತಿಟ್ಟುಕೊಳ್ಳುತ್ತಾರೆ. ಕಣಜ ದುಂಡಗಿರುವುದರಿಂದ ಅಂಚಿಗೆ ಹೋದಂತೆ ಆಕಾರ ಕುಗ್ಗಿ ಕಾಣುತ್ತದೆ, ಅದಕ್ಕೆ ತಕ್ಕಂತೆ ಎಳೆದು ಬರೆಯಬೇಕು. ಯಂತ್ರದ ತೊಟ್ಟಿಲಿನಲ್ಲಿ ನಿಂತವನಿಗೆ ಒಂದು ಹುಬ್ಬು ಮಾತ್ರ ಕಾಣುತ್ತದೆ, ಪೂರ್ತಿ ಮುಖ ನೋಡಲು ಪ್ರತಿ ಸಲ ಕೆಳಗಿಳಿದು ದೂರ ನಡೆಯಬೇಕು. ಗಾಳಿ ಎದ್ದರೆ ಆ ದಿನದ ಕೆಲಸ ನಿಂತಂತೆ.

ಪ್ಯಾಚ್‌ವೊಲೊಕ್‌ನಿಂದ ಕೂನಾಲ್ಪಿನ್‌ಗೆ ಸುಮಾರು 250 ಕಿಲೋಮೀಟರ್. ಆಯಾಸವಾದರೆ ನಡುದಾರಿಯ ಪಿನಾರೂದಲ್ಲೇ ಉಳಿಯಿರಿ. ಒಂದು ಎಚ್ಚರಿಕೆ: ಹಣ್ಣುನೊಣದ ಭಯದಿಂದ ದಕ್ಷಿಣ ಆಸ್ಟ್ರೇಲಿಯಾ ಬೇರೆ ರಾಜ್ಯದ ಹಣ್ಣು, ಹಲವು ತರಕಾರಿಗಳನ್ನು ಒಳಗೆ ಬಿಡುವುದಿಲ್ಲ. ಟೊಮೇಟೊ, ಹಸಿಮೆಣಸಿನಕಾಯಿ, ನಿಂಬೆ, ಬದನೆ ಎಲ್ಲವನ್ನೂ ಗಡಿಯ ಮುಂಚೆ ಅಡುಗೆ ಮಾಡಿ ಮುಗಿಸಿ, ಉಳಿದದ್ದನ್ನು ಗಡಿಯಲ್ಲಿಟ್ಟ ತೊಟ್ಟಿಗೆ ಹಾಕಿ. ಸಿಕ್ಕಿಬಿದ್ದರೆ ದಂಡ ದೊಡ್ಡದು. ದಾವಣಗೆರೆಯಿಂದ ಹೊರಡುವಾಗಲೂ ಹಾಗೆಯೇ. ಕರಿಬೇವು, ಬೀಜ, ಹಾಲಿನ ಸಿಹಿ ಕಟ್ಟಿಕೊಳ್ಳಬೇಡಿ. ಚಟ್ನಿಪುಡಿ, ಸಾರಿನಪುಡಿ ಏನೇ ತಂದರೂ ವಿಮಾನ ನಿಲ್ದಾಣದ ಚೀಟಿಯಲ್ಲಿ ಬರೆದು ತೋರಿಸಿ. ಬೇಕಾದದ್ದೆಲ್ಲ ಮೆಲ್ಬರ್ನ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ.

ಕೂನಾಲ್ಪಿನ್‌ನಲ್ಲಿ ಮತ್ತೆ ವ್ಯಾನ್ ಹೆಲ್ಟೆನ್. 2017ರಲ್ಲಿ ಊರಿನ ಪ್ರಾಥಮಿಕ ಶಾಲೆಯ ಐದು ಮಕ್ಕಳನ್ನು ಐದು ಕಣಜಗಳ ಮೇಲೆ ಬಿಡಿಸಿದ್ದಾರೆ. ಅಡಿಲೇಡ್ ಮತ್ತು ಮೆಲ್ಬರ್ನ್ ನಡುವಿನ ಹೆದ್ದಾರಿ ಊರಿನ ನಡುವೆಯೇ ಹಾಯುತ್ತದೆ, ಮೊದಲು ಗಾಡಿಗಳು ನಿಲ್ಲದೆ ಓಡಿಬಿಡುತ್ತಿದ್ದವು. ಬ್ರಿಮ್‌ನಲ್ಲಿ ದಣಿದ ಹಿರಿಯರನ್ನು ನೋಡಿ ಬಂದವರಿಗೆ ಅದೇ ಕೈಯಿಂದ ಮೂಡಿದ ಈ ಮಕ್ಕಳನ್ನು ನೋಡುವುದು ಬೇರೆಯೇ ಅನುಭವ. ಹಾಗಾಗಿ ಈ ಎರಡನ್ನು ಇದೇ ಕ್ರಮದಲ್ಲಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಕಿಂಬಾದಲ್ಲಿ ಕ್ಯಾಮ್ ಸ್ಕೇಲ್ 2017ರಲ್ಲಿ ಬರೆದ ಚಿತ್ರವಿದೆ: ಸಾಲು ಕಣಜಗಳ ಉದ್ದಕ್ಕೂ ಇಳಿಹೊತ್ತಿನ ಗೋಧಿ ಹೊಲ, ಅದರಲ್ಲಿ ಒಬ್ಬ ಹುಡುಗಿ. ಸಂಜೆಯಲ್ಲೇ ನೋಡಿ, ಹೊರಗಿನ ಆಕಾಶದ ಬಣ್ಣವೂ ಗೋಡೆಯ ಬಣ್ಣವೂ ಕೂಡುತ್ತವೆ. ಕಿಂಬಾಗೆ ಹೋಗುವ ಹೆದ್ದಾರಿಯಲ್ಲಿ ಎರಡು ಮೂರು ಟ್ರೇಲರ್ ಎಳೆಯುವ ಭಾರಿ ಲಾರಿಗಳು ಓಡುತ್ತವೆ. ಎದುರಿನಿಂದ ಹಾದಾಗ ಗಾಳಿ ನಮ್ಮ ಎತ್ತರದ ಗಾಡಿಯನ್ನು ಅಲುಗಿಸುತ್ತದೆ. ಅಳಿಯಂದಿರು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಿರಲಿ, ಹಿಂದಿಕ್ಕುವ ಆತುರ ಬೇಡವೇ ಬೇಡ.

ಟಂಬಿ ಬೇ ಈ ಪ್ರವಾಸದ ಬಹುಮಾನ. ಸ್ಪೆನ್ಸರ್ ಕೊಲ್ಲಿಯ ದಂಡೆ, ಶಾಂತವಾದ ನೀರು, ಉದ್ದದ ಕಟ್ಟೆ, ಸಮತಟ್ಟಾದ ಕಾಲುದಾರಿ. ಬ್ಯೂನಸ್ ಐರಿಸ್‌ನ ಮಾರ್ಟಿನ್ ರೋನ್ 2018ರಲ್ಲಿ ಇಲ್ಲಿನ ಕಣಜಗಳ ಮೇಲೆ ಕಟ್ಟೆಯಿಂದ ಸಮುದ್ರಕ್ಕೆ ಹಾರುತ್ತಿರುವ ಇಬ್ಬರು ಹುಡುಗರನ್ನು ಬಿಡಿಸಿದರು. ಮಲೆನಾಡಿನ ಹೊಳೆಗುಂಡಿಗೆ, ಬಯಲುಸೀಮೆಯ ಬಾವಿಗೆ ಹಾರಿದವರಿಗೆಲ್ಲ ಆ ಕ್ಷಣ ಗೊತ್ತು, ಕಾಲು ಕಟ್ಟೆ ಬಿಟ್ಟಿದೆ, ನೀರು ಇನ್ನೂ ಮುಟ್ಟಿಲ್ಲ. ಅದೇ ವರ್ಷ ಊರಿನಲ್ಲಿ ಗೋಡೆಚಿತ್ರದ ಹಬ್ಬವೂ ನಡೆಯಿತು, ಹಾಗಾಗಿ ಅಂಗಡಿ, ಓಣಿಗಳ ಗೋಡೆಗಳಲ್ಲೆಲ್ಲ ಚಿತ್ರಗಳಿವೆ. ನಡೆದುಕೊಂಡೇ ನೋಡಬಹುದು, ಅಲ್ಲಲ್ಲಿ ಕೂರಲು ಬೆಂಚುಗಳಿವೆ. ಮೂರು ರಾತ್ರಿ ಎಂದದ್ದು ನಿಮ್ಮ ಮಂಡಿಯನ್ನು ನೆನೆದೇ. ಬೆಳಿಗ್ಗೆ ಒಂದಷ್ಟು ಗೋಡೆ, ಸಂಜೆ ಒಂದಷ್ಟು, ನಡುವೆ ಸಮುದ್ರ.

ಅಲ್ಲಿಂದ ಅಡಿಲೇಡ್‌ಗೆ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್. ಕೋವೆಲ್ ಹತ್ತಿರದ ಲಕ್ಕಿ ಬೇಯಿಂದ ವಾಲರೂಗೆ ವಾಹನ ಸಾಗಿಸುವ ದೋಣಿ ಸಿಕ್ಕರೆ ಕೊಲ್ಲಿಯನ್ನು ಅಡ್ಡ ದಾಟಿಬಿಡಬಹುದು. ನಡುನಡುವೆ ಆ ಸೇವೆ ನಿಂತದ್ದುಂಟು, ಹೊರಡುವ ವಾರ ವಿಚಾರಿಸಿ. ದೋಣಿ ಇಲ್ಲದಿದ್ದರೆ ವಾಲರೂ ಬಿಟ್ಟು ಪೋರ್ಟ್ ಪಿರೀಯಲ್ಲಿ ತಂಗಿ.

ಈಗ ನಿಮ್ಮ ಭಯಗಳಿಗೆ ಬರುತ್ತೇನೆ. ಗಾಡಿಯನ್ನು ಆರಿಸುವಾಗ ‘ನಾಲ್ಕು ಮಂದಿಗೆ’ ಎಂದು ಬರೆದಿರುವುದನ್ನು ನಂಬಿ ನಾಲ್ಕು ವಯಸ್ಕರು ಹೋಗಬೇಡಿ. ಅದರಲ್ಲಿ ಒಂದು ಹಾಸಿಗೆ ಚಾಲಕನ ತಲೆಯ ಮೇಲೆ, ಏಣಿ ಹತ್ತಬೇಕು. ಇನ್ನೊಂದು, ಊಟದ ಮೇಜನ್ನು ಮಡಚಿ ದಿನಾ ಹಾಸಬೇಕಾದದ್ದು. ಆರು ಮಂದಿಯ ಗಾಡಿ ತೆಗೆದುಕೊಂಡರೆ ಹಿಂಭಾಗದಲ್ಲಿ ನೆಲಮಟ್ಟದ ಖಾಯಂ ಹಾಸಿಗೆ ನಿಮ್ಮಿಬ್ಬರಿಗೆ ಸಿಗುವಂಥದ್ದನ್ನು ಆರಿಸಬಹುದು. ಹಾಸಿಗೆ ಎಷ್ಟು ಎನ್ನುವುದರ ಜೊತೆಗೆ ಸೀಟ್‌ಬೆಲ್ಟ್ ಎಷ್ಟು ಎಂದೂ ಕೇಳಿ, ಎರಡು ಲೆಕ್ಕವೂ ಒಂದೇ ಇರುವುದಿಲ್ಲ. ಒಟ್ಟು ತೂಕ 4.5 ಟನ್‌ವರೆಗಿನ ಗಾಡಿಯನ್ನು ಮಾಮೂಲು ಕಾರಿನ ಪರವಾನಗಿಯಲ್ಲೇ ಓಡಿಸಬಹುದು. ಮಣ್ಣುರಸ್ತೆಗೆ ಇಳಿಸಬಾರದು ಎಂಬ ಷರತ್ತು ಹಲವು ಒಪ್ಪಂದಗಳಲ್ಲಿ ಇರುತ್ತದೆ, ಸಹಿ ಹಾಕುವ ಮುನ್ನ ಓದಲಿ. ಹತ್ತುವ ಮೆಟ್ಟಿಲು ಎತ್ತರವಾಗಿರುತ್ತದೆ. ಹತ್ತು ಡಾಲರ್ ಆಸುಪಾಸಿನ ಮಡಚುವ ಪ್ಲಾಸ್ಟಿಕ್ ಮಣೆಯೊಂದನ್ನು ಕೊಂಡಿಟ್ಟುಕೊಳ್ಳಿ, ದಿನಕ್ಕೆ ಇಪ್ಪತ್ತು ಸಲ ಅದನ್ನು ಹರಸುತ್ತೀರಿ.

ನಿದ್ದೆ ಬಾರದೆ ಹೋದರೂ ಚಿಂತೆಯಿಲ್ಲ. ಇಂಥ ಗಾಡಿಗಳು ತಂಗುವ ಬಹುತೇಕ ಕ್ಯಾರವಾನ್ ಪಾರ್ಕ್‌ಗಳಲ್ಲಿ ಕ್ಯಾಬಿನ್ ಎನ್ನುವ ಪುಟ್ಟ ಕೋಣೆಮನೆಗಳಿರುತ್ತವೆ. ಕ್ಯಾಬಿನ್ ಸಿಗುವ ಊರುಗಳಲ್ಲಿ ಒಂದೆರಡು ರಾತ್ರಿ ನೀವಿಬ್ಬರು ಅಲ್ಲಿ ಮಲಗಿ, ಮಕ್ಕಳು ಗಾಡಿಯಲ್ಲಿ ಮಲಗಲಿ. ನನ್ನ ಅತ್ತೆಯವರನ್ನು ಕರೆದೊಯ್ದಾಗ ಹೀಗೆ ಮಾಡಿದೆವು, ಬೆನ್ನು ಹಿಡಿಯಲಿಲ್ಲ.

ಶೌಚದ ವಿಷಯ ಸಂಕೋಚವಿಲ್ಲದೆ ಹೇಳಬೇಕು. ಗಾಡಿಯೊಳಗಿನ ಶೌಚಾಲಯದ ಕೆಳಗೆ ಡಬ್ಬಿ ಇರುತ್ತದೆ, ಅದನ್ನು ಎರಡು ದಿನಕ್ಕೊಮ್ಮೆ ‘ಡಂಪ್ ಪಾಯಿಂಟ್’ ಎಂಬ ಜಾಗದಲ್ಲೇ ಖಾಲಿ ಮಾಡಬೇಕು. ಅದು ಅಳಿಯನ ಕೆಲಸವಾಗಲಿ. ಒಳಗಿನದನ್ನು ರಾತ್ರಿಗೆ ಮಾತ್ರ ಇಟ್ಟುಕೊಳ್ಳಿ. ಹಗಲಿಗೆ ಪ್ರತಿ ಸಣ್ಣ ಊರಿನ ಉದ್ಯಾನದ ಪಕ್ಕ ಸಾರ್ವಜನಿಕ ಶೌಚಾಲಯ ಇರುತ್ತದೆ, ಸಾಮಾನ್ಯವಾಗಿ ಶುಚಿಯಾಗಿರುತ್ತದೆ. ಎಲ್ಲೆಲ್ಲಿವೆ ಎಂದು ತೋರಿಸುವ ಸರ್ಕಾರಿ ನಕ್ಷೆ ಮೊಬೈಲಿನಲ್ಲಿ ಸಿಗುತ್ತದೆ.

ಊಟಕ್ಕೆ ಹಳ್ಳಿಯ ಪಬ್ಬನ್ನು ನೆಚ್ಚಬೇಡಿ. ಅಡುಗೆಮನೆ ರಾತ್ರಿ ಎಂಟರ ಹೊತ್ತಿಗೆ ಮುಚ್ಚುತ್ತದೆ, ಸಸ್ಯಾಹಾರವೆಂದರೆ ಆಲೂಗಡ್ಡೆ ಚಿಪ್ಸು, ಪಾಸ್ತಾ. ಗಾಡಿಯಲ್ಲಿ ಗ್ಯಾಸ್ ಒಲೆ, ಫ್ರಿಜ್ ಇರುತ್ತವೆ. ಅನ್ನ, ಸಾರು, ಅವಲಕ್ಕಿ, ಉಪ್ಪಿಟ್ಟಿಗೆ ತೊಂದರೆಯಿಲ್ಲ. ಆದರೆ ಗಾಡಿಯೊಳಗೆ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಹೊಗೆಯ ಗಂಟೆ ಕೂಗಿ ಅಕ್ಕಪಕ್ಕದವರೆಲ್ಲ ಏಳುತ್ತಾರೆ. ಒಗ್ಗರಣೆಯನ್ನು ಪಾರ್ಕಿನ ಅಡುಗೆ ಚಪ್ಪರದಲ್ಲಿ ಹಾಕಿ. ಉದ್ಯಾನಗಳಲ್ಲಿ ಉಚಿತವಾಗಿ ಬಳಸಬಹುದಾದ ವಿದ್ಯುತ್ ಕಾವಲಿಗಳಿವೆ. ಅವುಗಳ ಮೇಲೆ ಎಲ್ಲರೂ ಮಾಂಸ ಸುಡುತ್ತಾರೆ, ಹಾಗಾಗಿ ನಿಮ್ಮದೇ ತವೆಯನ್ನು ಅದರ ಮೇಲಿಟ್ಟು ರೊಟ್ಟಿ, ದೋಸೆ ಹುಯ್ದುಕೊಳ್ಳಿ. ದಿನಸಿಯನ್ನು ಹಾರ್ಶಮ್, ಪೋರ್ಟ್ ಅಗಸ್ಟಾದಂಥ ದೊಡ್ಡ ಊರುಗಳಲ್ಲಿ ತುಂಬಿಸಿ.

ತುಂಬಿಸುವಾಗ ಒಂದು ಕೋರಿಕೆ. ಎಲ್ಲವನ್ನೂ ಅಲ್ಲೇ ತುಂಬಿಸಬೇಡಿ. ಈ ಚಿತ್ರಗಳಿಗೆ ಟಿಕೆಟ್ ಇಲ್ಲ, ಬೇಲಿಯಿಲ್ಲ, ಕಾವಲುಗಾರನಿಲ್ಲ. ಊರಿನವರು ಸಭೆ ಸೇರಿ, ಹಣ ಹೊಂದಿಸಿ, ಕಣಜದ ಒಡೆತನದ ಕಂಪನಿಯ ಒಪ್ಪಿಗೆ ಪಡೆದು ಬರೆಯಿಸಿಕೊಂಡದ್ದು ಹಾದುಹೋಗುವವರು ಒಂದು ಗಳಿಗೆ ನಿಲ್ಲಲಿ ಎಂದು. ನಿಂತು, ನೋಡಿ, ನಗರದಿಂದ ತಂದ ಬುತ್ತಿ ಬಿಚ್ಚಿ ತಿಂದು ಹೊರಟುಬಿಟ್ಟರೆ ಊರಿಗೆ ಉಳಿಯುವುದು ಕಸ ಮಾತ್ರ. ಬ್ರೆಡ್ಡು, ಹಾಲು, ಒಂದು ಕಪ್ ಕಾಫಿ, ಡೀಸೆಲ್ ಇವನ್ನು ಚಿತ್ರವಿರುವ ಊರಿನಲ್ಲೇ ಕೊಳ್ಳಿ. ಬಿಡಾರದ ಜಾಗದಲ್ಲಿ ಹಣದ ಪೆಟ್ಟಿಗೆ ಇಟ್ಟು ‘ನಿಮ್ಮ ಪ್ರಾಮಾಣಿಕತೆಗೆ ಬಿಟ್ಟದ್ದು’ ಎಂದು ಬರೆದಿರುತ್ತಾರೆ. ಚಿಲ್ಲರೆ ನೋಟು ಸಿದ್ಧವಿರಲಿ.

ಸೂರ್ಯ ಮುಳುಗುವ ಮುನ್ನ ಗಾಡಿ ನಿಲ್ಲಬೇಕು. ಇದನ್ನು ಅಳಿಯಂದಿರಿಗೆ ಖಂಡಿತವಾಗಿ ಹೇಳಿ. ಮುಸ್ಸಂಜೆಯಲ್ಲೂ ನಸುಕಿನಲ್ಲೂ ಕಾಂಗರೂಗಳು ರಸ್ತೆಯಂಚಿಗೆ ಮೇಯಲು ಬರುತ್ತವೆ. ಒಮ್ಮೆ ನಾನು ಪ್ಯಾಚ್‌ವೊಲೊಕ್‌ಗೆ ಕತ್ತಲಾಗುತ್ತಾ ಹೋಗಿದ್ದೆ. ಪೊದೆಯಿಂದ ಒಂದು ಜಿಗಿಯಿತು, ಬ್ರೇಕ್ ಒತ್ತಿದೆ, ಗಾಡಿಯೊಳಗಿನ ಪಾತ್ರೆಗಳೆಲ್ಲ ಮುಂದಕ್ಕೆ ಹಾರಿ ಬಂದವು. ಕಾಂಗರೂ ಎರಡು ಮೊಳ ದೂರದಲ್ಲಿ ನಿಂತು ನನ್ನನ್ನೇ ನೋಡಿ ಹೋಯಿತು. ಕೈ ನಡುಗುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಅಂದಿನಿಂದ ಸಂಜೆ ಐದರ ಮೇಲೆ ನಾನು ಗಾಡಿ ಓಡಿಸಿಲ್ಲ.

ನೀವು ಆರಿಸಿಕೊಂಡ ಕಾಲ ಒಳ್ಳೆಯದು. ಸೆಪ್ಟೆಂಬರ್ ಕೊನೆಗೆ ವಿಮ್ಮೆರಾದಲ್ಲಿ ಕ್ಯಾನೋಲಾ ಎಂಬ ಸಾಸಿವೆ ಜಾತಿಯ ಬೆಳೆ ಹೂವಾಗಿರುತ್ತದೆ, ಕಣ್ಣು ಹಾಯುವಷ್ಟು ದೂರ ಹಳದಿ. ಹಗಲು ಹಿತ, ರಾತ್ರಿ ಚಳಿ. ಸ್ವೆಟರ್, ಕಾಲುಚೀಲ, ಬಿಸಿನೀರಿನ ಚೀಲ ಬೇಕು. ನವೆಂಬರ್ ಮೇಲಾದರೆ ಕೊಯ್ಲಿನ ಲಾರಿಗಳ ಸಂಚಾರ, ಜನವರಿಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಕೆಲವು ಕಣಜಗಳು ಈಗಲೂ ಧಾನ್ಯ ತುಂಬುವಂಥವು, ಎಲ್ಲವೂ ಬೇರೆಯವರ ಆಸ್ತಿ. ಬೇಲಿ ದಾಟಬೇಡಿ, ಲಾರಿಯ ದಾರಿಗೆ ಗಾಡಿ ಅಡ್ಡ ಹಾಕಬೇಡಿ.

ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ, ಇಡೀ ಪ್ರವಾಸಕ್ಕೆ ಸಾಕಾಗುವಷ್ಟು ಇಟ್ಟುಕೊಳ್ಳಿ. ಪ್ರವಾಸ ವಿಮೆ ಇಲ್ಲದೆ ಹೊರಡಬೇಡಿ. ತುರ್ತು ಕರೆಗೆ ಅಲ್ಲಿ 000. ಊರು ಬಿಟ್ಟರೆ ಮೊಬೈಲ್ ಸಂಪರ್ಕ ಹಲವೆಡೆ ಕಡಿದುಹೋಗುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು.

ಮೇಷ್ಟ್ರಿಗೆ: ಹಗುರವಾದ ಮಡಚುವ ಕುರ್ಚಿ, ಅಗಲ ಅಂಚಿನ ಟೋಪಿ, ಗಟ್ಟಿ ಹಲಗೆಗೆ ನಾಲ್ಕೂ ಮೂಲೆ ಕ್ಲಿಪ್ ಹಾಕಿದ ಕಾಗದ. ಬಯಲಿನ ಗಾಳಿ ಕಾಗದವನ್ನು ಉಳಿಸುವುದಿಲ್ಲ. ನೊಣ ವಿಪರೀತ, ಮುಖಕ್ಕೆ ಜಾಳಿಗೆ ಇರುವ ಟೋಪಿ ಸಿಕ್ಕರೆ ಇನ್ನೂ ಒಳ್ಳೆಯದು. ಬ್ರಿಮ್‌ನಲ್ಲಿ ಬೆಳಿಗ್ಗೆ ಒಂದು ಗಂಟೆ ಅವರನ್ನು ಒಬ್ಬರೇ ಬಿಟ್ಟುಬಿಡಿ. ಕೂತು ಚಿತ್ರ ಬರೆಯುವವರ ಹತ್ತಿರ ಊರಿನವರು ತಾವಾಗಿಯೇ ಬಂದು ಮಾತನಾಡಿಸುತ್ತಾರೆ, ಕ್ಯಾಮೆರಾ ಹಿಡಿದು ಓಡುವವರ ಹತ್ತಿರ ಬರುವುದಿಲ್ಲ.

ಜಾಗ ಕಾಯ್ದಿರಿಸುವುದನ್ನು ಇಂದೇ ಶುರುಮಾಡಿ. ಆ ಹೊತ್ತಿಗೆ ವಿಕ್ಟೋರಿಯಾದಲ್ಲಿ ಶಾಲಾ ರಜೆ, ಸೆಪ್ಟೆಂಬರ್ ಕೊನೆಯ ವಾರಾಂತ್ಯದ ಸುಮಾರಿಗೆ ಫುಟ್‌ಬಾಲ್ ಫೈನಲ್‌ನ ರಜೆ, ಅಕ್ಟೋಬರ್ ಮೊದಲ ಸೋಮವಾರ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಾರ್ಮಿಕರ ದಿನದ ರಜೆ. ಟಂಬಿ ಬೇಯ ಕಡಲಂಚಿನ ಜಾಗಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ. ಮೊದಲು ಆ ಮೂರು ರಾತ್ರಿಯನ್ನು ಹಿಡಿಯಿರಿ, ಉಳಿದ ಊರುಗಳನ್ನು ಅದರಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ.